ಗದಗದಲ್ಲಿ ಕೂತು ನ್ಯೂಟ್ರಾನ್ ನಕ್ಷತ್ರಗಳ ವಿಲೀನವನ್ನು ಪತ್ತೆ ಮಾಡಬಹುದೇ?

ಗದಗದಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದೀರಿ. ಕಪ್ಪತಗುಡ್ಡದ ಮೇಲೆ ಸೂಕ್ಷ್ಮ ಸೆನ್ಸರ್ ಇಟ್ಟು ಗುರುತ್ವ ಅಲೆ (ಭಾರಿ ಕಾಯಗಳು ಒಂದನ್ನೊಂದು ಸುತ್ತಿ ವಿಲೀನವಾದಾಗ ದೇಶ-ಕಾಲದಲ್ಲಿ ಏಳುವ ಅಲೆ) ಹಿಡಿಯಬಹುದೇ, ಆಗದಿದ್ದರೆ ಪ್ರಾಜೆಕ್ಟಿಗೆ ಬೇರೆ ದಾರಿ ಏನು ಎಂದು ಕೇಳಿದ್ದೀರಿ.

ಸೆನ್ಸರ್ ವಿಚಾರ ಬಿಟ್ಟುಬಿಡ್ರಿ. ಅಲೆ ಹಾದುಹೋದಾಗ ಅಮೆರಿಕದ ಗುರುತ್ವ ಅಲೆ ಪತ್ತೆಯಂತ್ರ ಲೈಗೋದ 4 ಕಿಲೋಮೀಟರ್ ತೋಳು ಹಿಗ್ಗುವುದು ಪ್ರೋಟಾನಿನ ವ್ಯಾಸದ ನೂರನೇ ಒಂದು ಭಾಗದಷ್ಟೂ ಇಲ್ಲ. ಗುಡ್ಡದ ಗಾಳಿಯಂತ್ರಗಳಿಂದ ನೆಲಕ್ಕಿಳಿಯುವ ಕಂಪನ ಅದಕ್ಕಿಂತ ಕೋಟಿಗಟ್ಟಲೆ ಪಟ್ಟು ದೊಡ್ಡದು. ಲೈಗೋದಲ್ಲಿ 40 ಕೆಜಿಯ ಕನ್ನಡಿಗಳನ್ನು ನಾಲ್ಕು ಹಂತದ ಲೋಲಕದಲ್ಲಿ, ನಿರ್ವಾತದೊಳಗೆ ತೂಗುಹಾಕಿರುವುದು ಇದೇ ಕಾರಣಕ್ಕೆ.

ಆದರೆ ಆ ಯಂತ್ರಗಳ ಡೇಟಾ ಎಲ್ಲರಿಗೂ ಉಚಿತ. ಗ್ರ್ಯಾವಿಟೇಷನಲ್ ವೇವ್ ಓಪನ್ ಸೈನ್ಸ್ ಸೆಂಟರ್‌ನಲ್ಲಿ ಜಿಡಬ್ಲ್ಯೂ170817 ಎಂದು ಹುಡುಕಿ. 2017ರ ಆಗಸ್ಟ್ 17ರಂದು, ನಮ್ಮ ಗಡಿಯಾರದಲ್ಲಿ ಸಂಜೆ 6 ಗಂಟೆ 11 ನಿಮಿಷಕ್ಕೆ ಬಂದ ಅಲೆ ಅದು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಗೆಲಾಕ್ಸಿಯಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ನಕ್ಷತ್ರಗಳ ಅತಿ ಸಾಂದ್ರ ತಿರುಳು) ಒಂದಾದದ್ದರ ಗುರುತು. ವಿಲೀನದ ಜಿಪಿಎಸ್ ಸಮಯ (1980ರ ಆರಂಭದಿಂದ ಎಣಿಸಿದ ಸೆಕೆಂಡು) 1187008882.4. ಲಿವಿಂಗ್‌ಸ್ಟನ್ ಮತ್ತು ಹ್ಯಾನ್‌ಫರ್ಡ್ ಎಂಬ ಲೈಗೋದ ಎರಡೂ ಕೇಂದ್ರಗಳ 4096 ಹರ್ಟ್ಸ್ (ಸೆಕೆಂಡಿಗೆ 4096 ಸ್ಯಾಂಪಲ್) ಫೈಲ್ ಇಳಿಸಿಕೊಳ್ಳಿ. ಪೈಥಾನ್‌ನ ಜಿಡಬ್ಲ್ಯೂಪೈ, ಪೈಸಿಬಿಸಿ ಲೈಬ್ರರಿಗಳು ಸಾಕು. ವಿಂಡೋಸ್‌ನಲ್ಲಿ ಪೈಸಿಬಿಸಿ ಕಾಟ ಕೊಡುತ್ತದೆ, ಗೂಗಲ್ ಕೊಲ್ಯಾಬ್‌ನಲ್ಲೇ ಮಾಡಿ.

ಮೊದಲು ಲಿವಿಂಗ್‌ಸ್ಟನ್ ಡೇಟಾದ ಕ್ಯೂ-ಟ್ರಾನ್ಸ್‌ಫಾರ್ಮ್ ಚಿತ್ರ (ಯಾವ ಕ್ಷಣದಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟು ಬಲವಾಗಿತ್ತು ಎಂದು ತೋರಿಸುವುದು) ತೆಗೆಯಿರಿ. ವಿಲೀನದ ಹಿಂದೆ ಮುಂದೆ ಕೆಲವು ನೂರು ಸೆಕೆಂಡ್ ಡೇಟಾ ಕೊಡಿ. ತುಂಬಾ ಚಿಕ್ಕ ತುಂಡು ಕೊಟ್ಟರೆ ನಾಯ್ಸ್ ಅಂದಾಜು ಕೆಡುತ್ತದೆ, ಅಂಚುಗಳಲ್ಲಿ ಸುಳ್ಳು ಗೆರೆಗಳು ಮೂಡುತ್ತವೆ. ಫ್ರೀಕ್ವೆನ್ಸಿ 30ರಿಂದ 500 ಹರ್ಟ್ಸ್ ಇರಲಿ. ಹೆಚ್ಚಿನವರು ಎಡವುವುದು ಕ್ಯೂ ಬೆಲೆಯಲ್ಲಿ (ಫ್ರೀಕ್ವೆನ್ಸಿಯನ್ನು ಎಷ್ಟು ಸೂಕ್ಷ್ಮವಾಗಿ ಬೇರ್ಪಡಿಸಬೇಕು ಎಂದು ಹೇಳುವ ಸಂಖ್ಯೆ): ಡೀಫಾಲ್ಟ್ ಆಗಿರುವ 4ರಿಂದ 64 ಕಪ್ಪುಕುಳಿಗಳ ಚಿಕ್ಕ ಸಿಗ್ನಲ್‌ಗೆ ಸರಿ. ಇಲ್ಲಿ ಅಲೆ 24 ಹರ್ಟ್ಸ್‌ನಿಂದ ಲೆಕ್ಕ ಹಿಡಿದರೆ ಸುಮಾರು 100 ಸೆಕೆಂಡ್ ಎಳೆಯುತ್ತದೆ, ಆದ್ದರಿಂದ 100ರಿಂದ 110 ಕೊಡಿ. ಆಗ ಮೇಲಕ್ಕೆ ಬಾಗುವ ತೆಳು ಗೆರೆ ಎದ್ದು ಕಾಣುತ್ತದೆ. 60 ಹರ್ಟ್ಸ್‌ನಲ್ಲಿ ಅಡ್ಡ ಗೆರೆ ಕಂಡರೆ ಅದು ಅಮೆರಿಕದ ಕರೆಂಟಿನದು, ನಕ್ಷತ್ರದ್ದಲ್ಲ.

ವಿಲೀನಕ್ಕೆ ಸುಮಾರು 1.1 ಸೆಕೆಂಡ್ ಮೊದಲು ಒಂದು ದೊಡ್ಡ ಕಲೆಯೂ ಕಾಣುತ್ತದೆ. ಅದು ಗ್ಲಿಚ್, ಅಂದರೆ ಉಪಕರಣದೊಳಗಿನ ಕ್ಷಣಿಕ ಗದ್ದಲ. ಇದರ ಚರಿತ್ರೆಯನ್ನು ನಿಮ್ಮ ವರದಿಯಲ್ಲಿ ಖಂಡಿತ ಬರೆಯಿರಿ. ಇದರಿಂದಾಗಿಯೇ ಅಂದು ಕಂಪ್ಯೂಟರು ತಾನಾಗಿ ಎಚ್ಚರಿಕೆ ಕೊಟ್ಟದ್ದು ಹ್ಯಾನ್‌ಫರ್ಡ್ ಒಂದರ ಡೇಟಾದಿಂದ ಮಾತ್ರ. ಲಿವಿಂಗ್‌ಸ್ಟನ್‌ನಲ್ಲಿ ಸಿಗ್ನಲ್ ಇನ್ನೂ ಬಲವಾಗಿದ್ದರೂ ತಂತ್ರಾಂಶ ಅದನ್ನು ಹೊರಗಿಟ್ಟಿತ್ತು. ಮನುಷ್ಯರು ಚಿತ್ರ ನೋಡಿ ಗೆರೆಯನ್ನು ಗುರುತಿಸಿದರು. ಗ್ಲಿಚ್ ಕಳೆದ ಫೈಲೂ ಅಲ್ಲೇ ಸಿಗುತ್ತದೆ. ಮೊದಲು ಗ್ಲಿಚ್ ಇರುವ ಫೈಲ್ ನೋಡಿ, ಲೆಕ್ಕಕ್ಕೆ ಶುದ್ಧ ಫೈಲ್ ಬಳಸಿ.

ಇನ್ನು ಅಳತೆ. ಗೆರೆಯ ಮೇಲೆ ಹತ್ತಾರು ಬಿಂದು ಆರಿಸಿ, ಫ್ರೀಕ್ವೆನ್ಸಿಯ ಮೈನಸ್ 8/3 ಘಾತವನ್ನು ಸಮಯದ ಎದುರು ಗ್ರಾಫ್ ಹಾಕಿ. ಸರಳರೇಖೆ ಬರಬೇಕು. ಅದರ ಇಳಿಜಾರಿನಿಂದ ಚರ್ಪ್ ಮಾಸ್ (ಎರಡೂ ನಕ್ಷತ್ರಗಳ ರಾಶಿ ಬೆರೆತ, ಫ್ರೀಕ್ವೆನ್ಸಿ ಏರುವ ವೇಗವನ್ನು ನಿರ್ಧರಿಸುವ ಬೆಲೆ) ಸಿಗುತ್ತದೆ: ಸೂರ್ಯನ ಸುಮಾರು 1.2 ಪಟ್ಟು. ತಾಳೆ ನೋಡಲು: 50 ಹರ್ಟ್ಸ್ ವಿಲೀನಕ್ಕೆ ಸುಮಾರು 14 ಸೆಕೆಂಡ್ ಮುಂಚೆ, 100 ಹರ್ಟ್ಸ್ 2.2 ಸೆಕೆಂಡ್ ಮುಂಚೆ, 200 ಹರ್ಟ್ಸ್ 0.35 ಸೆಕೆಂಡ್ ಮುಂಚೆ ಬರಬೇಕು.

ಗೆರೆ ಕಂಡಿತು ಎಂದಷ್ಟಕ್ಕೆ ನಿಲ್ಲಬೇಡಿ, ನಿಜವಾದ ಪತ್ತೆ ಆಗುವುದು ಮ್ಯಾಚ್ಡ್ ಫಿಲ್ಟರಿಂಗ್‌ನಲ್ಲಿ. ಸಿದ್ಧಾಂತ ಹೇಳುವ ಅಲೆಯ ಟೆಂಪ್ಲೇಟನ್ನು ಡೇಟಾದ ಉದ್ದಕ್ಕೂ ಸರಿಸುತ್ತ, ಎಲ್ಲಿ ಹೊಂದುತ್ತದೆ ಎಂದು ನೋಡುವುದು. ಪುಸ್ತಕದಲ್ಲಿದೆ ಎಂದು ಎರಡೂ ನಕ್ಷತ್ರಕ್ಕೆ 1.4 ಸೌರರಾಶಿ ಹಾಕಿದರೆ ಸಿಗ್ನಲ್-ನಾಯ್ಸ್ ಅನುಪಾತ ಕುಸಿಯುತ್ತದೆ. 30 ಹರ್ಟ್ಸ್‌ನಿಂದ ಸುಮಾರು 3000 ಆವರ್ತನೆಗಳಿವೆ. ರಾಶಿ ಚೂರು ತಪ್ಪಿದರೂ ಹೆಜ್ಜೆ ತಪ್ಪುತ್ತದೆ. ಎರಡನ್ನೂ 1.376ರ ಆಸುಪಾಸಿನಲ್ಲಿಟ್ಟು 0.001ರಂತೆ ಬದಲಿಸಿ. ಲಿವಿಂಗ್‌ಸ್ಟನ್‌ನಲ್ಲಿ ಈ ಅನುಪಾತ 26ರ ಹತ್ತಿರ, ಹ್ಯಾನ್‌ಫರ್ಡ್‌ನಲ್ಲಿ 19ರ ಹತ್ತಿರ ಬರಬೇಕು. ಇಟಲಿಯ ವರ್ಗೋ ಪತ್ತೆಯಂತ್ರದಲ್ಲಿ 2 ಅಷ್ಟೇ. ಅಲೆ ಬಂದದ್ದು ವರ್ಗೋ ಸರಿಯಾಗಿ ಕೇಳಿಸಿಕೊಳ್ಳದ ದಿಕ್ಕಿನಿಂದ ಎಂಬ ಆ ಸುಳಿವೇ ಆಕಾಶದಲ್ಲಿ ಹುಡುಕುವ ಜಾಗವನ್ನು 28 ಚದರ ಡಿಗ್ರಿಗೆ ಇಳಿಸಿತು.

ಕೊನೆಯ ತಪಾಸಣೆ: ಹ್ಯಾನ್‌ಫರ್ಡ್‌ನ ಶಿಖರ ಲಿವಿಂಗ್‌ಸ್ಟನ್‌ಗಿಂತ ಸುಮಾರು 3 ಮಿಲಿಸೆಕೆಂಡ್ ತಡವಾಗಿ, ಅಂದರೆ 12 ಸ್ಯಾಂಪಲ್ ಆಚೆ ಇರಬೇಕು. ಅಂತರ 10 ಮಿಲಿಸೆಕೆಂಡ್ ಮೀರಿದರೆ ಕೋಡ್‌ನಲ್ಲಿ ಸಮಯದ ಲೆಕ್ಕ ತಪ್ಪಿದೆ. ಎರಡು ಕೇಂದ್ರಗಳ ನಡುವೆ ಬೆಳಕಿಗೆ ಬೇಕಾಗುವುದೇ ಅಷ್ಟು.