ಕಿಡಿ ಪರೀಕ್ಷಿಸಿದ ಮೇಲೆ ಸ್ಟಾರ್ಟ್ ಆಗದ ಕಾರು

ಪ್ಲಗ್ ವೈರ್‌ಗಳನ್ನು ಕಳಚಿ ಕಿಡಿ ಪರೀಕ್ಷಿಸಿದ ಮೇಲೆ ಕಾರು ಸ್ಟಾರ್ಟ್ ಆಗುತ್ತಿಲ್ಲ, ಪೆಟ್ರೋಲ್ ವಾಸನೆ ಬರುತ್ತಿದೆ ಎಂದಿದ್ದೀರಿ. ಸ್ಪಾರ್ಕ್ ಪ್ಲಗ್‌ಗಳು (ಸಿಲಿಂಡರಿನಲ್ಲಿ ಕಿಡಿ ಹೊತ್ತಿಸುವ ಭಾಗಗಳು) ಪೆಟ್ರೋಲಿನಲ್ಲಿ ತೊಯ್ದಿರುವ ಸಂಭವವೇ ಹೆಚ್ಚು. ನೀವು ಕಿಡಿ ನೋಡಲು ವೈರ್‌ಗಳನ್ನು ಕಳಚಿ ಮತ್ತೆ ಮತ್ತೆ ಸೆಲ್ಫ್ ಹೊಡೆದಾಗಲೂ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳು ಪೆಟ್ರೋಲ್ ಸುರಿಸುತ್ತಲೇ ಇದ್ದಿರಬೇಕು, ನೀವು ಹೇಳಿದ ವಾಸನೆಯೂ ಅದನ್ನೇ ಸೂಚಿಸುತ್ತದೆ.

ಮೊದಲು ಪ್ಲಗ್‌ಗಳನ್ನು ಬಿಚ್ಚಿ ನೋಡಿ. ತುದಿ ಒದ್ದೆಯಾಗಿ ಹೊಳೆಯುತ್ತಿದ್ದರೆ ಒರೆಸಿ ಒಣಗಿಸಿ, ಸಿಲಿಂಡರ್‌ಗಳಿಗೆ ಅರ್ಧ ಗಂಟೆ ಗಾಳಿಯಾಡಲು ಬಿಡಿ. ಆ ಹೊತ್ತಿನಲ್ಲಿ ಮತ್ತೆ ಕಿಡಿ ಪರೀಕ್ಷಿಸಲು ಹೋಗಬೇಡಿ, ಬೆಂಕಿ ಹತ್ತೀತು. ಮರಳಿ ಜೋಡಿಸುವಾಗ ಯಾವ ವೈರ್ ಯಾವ ಸಿಲಿಂಡರಿಗೆ ಎಂಬುದನ್ನು ಕೈಪಿಡಿಯೊಂದಿಗೆ ತಾಳೆ ನೋಡಿ, ಏಕೆಂದರೆ ಎರಡು ವೈರ್ ಅದಲುಬದಲಾದರೂ ಎಂಜಿನ್ ಕೆಮ್ಮುತ್ತಾ ಓಡಬಹುದು, ಇಲ್ಲವೇ ಹತ್ತದೆಯೇ ಇರಬಹುದು. ಬಳಿಕ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, 10 ಸೆಕೆಂಡು ಮೀರದಂತೆ ಸೆಲ್ಫ್ ಹೊಡೆಯಿರಿ. ಇಂಜೆಕ್ಷನ್ ಇರುವ ಬಹಳಷ್ಟು ಕಾರುಗಳಲ್ಲಿ ಹೀಗೆ ಮಾಡಿದಾಗ ಪೆಟ್ರೋಲ್ ನಿಲ್ಲುತ್ತದೆ.

ಪ್ಲಗ್‌ಗಳು ಒಣಗಿಯೇ ಇದ್ದರೆ ನನ್ನ ಊಹೆ ತಪ್ಪು; ಆಗ ಇಂಧನ ಪಂಪ್ ಮತ್ತು ಇಂಜೆಕ್ಟರ್‌ಗಳ ಫ್ಯೂಸ್ ನೋಡಿ.