ತೋರುಬೆರಳಿಗೆ ಇಷ್ಟು ಮರ್ಯಾದೆ ಬೇಕಿಲ್ಲ

ಕೈ ಶಸ್ತ್ರಚಿಕಿತ್ಸೆ ಮಾಡುವ ನನಗೆ ಬರುವ ಪತ್ರಗಳಲ್ಲಿ ಹೆಬ್ಬೆರಳಿನ ವಿಚಾರ ಅಪರೂಪ, ಕಿರುಬೆರಳನ್ನಂತೂ ಕೇಳುವವರೇ ಇಲ್ಲ. ಎಲ್ಲರಿಗೂ ತೋರುಬೆರಳಿನದೇ ಚಿಂತೆ. ಈ ಸಲ ಒಂದು ಪತ್ರಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ. ಊರು ಬೇರೆ, ಯಂತ್ರ ಬೇರೆ ಆದರೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಪತ್ರ ಹೀಗಿದೆ:

ನನ್ನ ತಮ್ಮನ ಎಡಗೈ ತೋರುಬೆರಳು ಕಾರ್ಖಾನೆಯ ಪವರ್ ಪ್ರೆಸ್‌ಗೆ ಸಿಕ್ಕಿ ಎಂಟು ತಿಂಗಳಾಯಿತು. ಎರಡು ಆಪರೇಷನ್ ಮಾಡಿ ಬೆರಳು ಉಳಿಸಿದರು. ಆದರೆ ಅದು ಕಡ್ಡಿಯಂತೆ ನೆಟ್ಟಗೆ ನಿಂತಿದೆ, ತುದಿಯಲ್ಲಿ ಸ್ಪರ್ಶವಿಲ್ಲ, ಚಳಿಗೆ ವಿಪರೀತ ನೋವು. ಈಗ ಡಾಕ್ಟರು ಬೆರಳನ್ನು ಬುಡಸಮೇತ ತೆಗೆಯೋಣ ಎನ್ನುತ್ತಾರೆ. ಉಳಿಸಿದವರೇ ತೆಗೆಯುವುದು ಮೋಸವಲ್ಲವೇ? ಎಣ್ಣೆ ಹಾಕಿ ನೀವಿ ಬೆರಳು ಬಗ್ಗಿಸುವವರೊಬ್ಬರು ನಮ್ಮೂರಲ್ಲಿದ್ದಾರೆ. ಬೆರಳು ಹೋದರೆ ಆಧಾರ್, ಓಟು ಏನಾಗುತ್ತದೆ?

ಮೊದಲು ಆ ಎಣ್ಣೆಯವರ ಮನೆಗೆ ಹೋಗಬೇಡಿ. ಬೆರಳಿನೊಳಗೆ ಸ್ನಾಯುವಿಲ್ಲ. ಅದನ್ನು ಬಗ್ಗಿಸುವ ಮುಖ್ಯ ಸ್ನಾಯುಗಳು ಮುಂಗೈಯಲ್ಲಿವೆ, ಅವುಗಳ ಎಳೆಗಳು ಕಿರಿದಾದ ಕೊಳವೆಯಂಥ ಹೊದಿಕೆಯೊಳಗೆ ಜಾರುತ್ತಾ ಬೆರಳಿನವರೆಗೆ ಬರುತ್ತವೆ. ಹೊಲಿದ ಎಳೆ ಅಲ್ಲಿ ಅಂಟಿಕೊಂಡಿದ್ದರೆ ಎಣ್ಣೆಯಿಂದ ಬಿಡುವುದಿಲ್ಲ. ಜೋರಾಗಿ ಬಗ್ಗಿಸಿದರೆ ಕೀಲು ಊದಿಕೊಂಡು ಇನ್ನಷ್ಟು ಬಿಗಿಯುತ್ತದೆ. ಹೊಲಿಗೆ ಹಾಕಿದ ಹೊಸದರಲ್ಲಿ ಯಾರೋ ಬೆರಳು ಹಿಡಿದೆಳೆದು ಎಳೆ ಕಿತ್ತುಹೋಗಿ, ಮತ್ತೆ ನಮ್ಮಲ್ಲಿಗೆ ಬರುವವರನ್ನು ನೋಡಿ ನನಗೆ ಸಾಕಾಗಿದೆ. ಕಿತ್ತವರು ಎಂದೂ ಜೊತೆಯಲ್ಲಿ ಬರುವುದಿಲ್ಲ.

ಈಗ ನಿಮ್ಮ ತಮ್ಮನನ್ನು ಒಂದು ವಾರ ಅವನಿಗೆ ತಿಳಿಯದಂತೆ ಗಮನಿಸಿ. ಅಂಗಿಯ ಗುಂಡಿ ಹಾಕುವಾಗ, ನೆಲಕ್ಕೆ ಬಿದ್ದ ನಾಣ್ಯ ಎತ್ತುವಾಗ ಎಡಗೈಯ ಯಾವ ಬೆರಳು ಹೆಬ್ಬೆರಳಿಗೆ ತಾಗುತ್ತದೆ? ನಡುಬೆರಳೇ ಆಗಿದ್ದರೆ ಅವನ ಮಿದುಳು ತೀರ್ಮಾನ ಮಾಡಿ ಆಗಿದೆ. ಸ್ಪರ್ಶವಿಲ್ಲದ, ನೋಯುವ, ಬಗ್ಗದ ತೋರುಬೆರಳನ್ನು ಮಿದುಳು ಬಹಳ ದಿನ ಕಾಯುವುದಿಲ್ಲ, ಪಕ್ಕದ ಬೆರಳಿಗೆ ಕೆಲಸ ವಹಿಸುತ್ತದೆ. ಆಮೇಲೆ ಆ ಬೆರಳು ಅಡ್ಡಿ ಮಾತ್ರ: ಜೇಬಿಗೆ ಕೈ ಹಾಕಿದರೆ ಹೊರಗೇ ಉಳಿಯುತ್ತದೆ, ಬಾಗಿಲಿಗೆ ತಗಲುತ್ತದೆ, ಹೆಬ್ಬೆರಳಿಗೂ ನಡುಬೆರಳಿಗೂ ಮಧ್ಯೆ ಬೇಲಿಯ ಗೂಟದಂತೆ ನಿಲ್ಲುತ್ತದೆ.

ತೆಗೆಯುವ ಮುಂಚೆ ಡಾಕ್ಟರನ್ನು ಒಂದು ಪ್ರಶ್ನೆ ಕೇಳಲೇಬೇಕು. ಇನ್ನೊಬ್ಬರು ಮೆಲ್ಲನೆ ಬಗ್ಗಿಸಿದರೆ ಬೆರಳು ಬಗ್ಗುತ್ತದೆಯೇ? ತಾನಾಗಿ ಬಗ್ಗಿಸಲಾಗದೆ, ಬೇರೆಯವರು ಬಗ್ಗಿಸಿದಾಗ ಬಗ್ಗುವುದಾದರೆ ಕೀಲು ಸರಿಯಿದೆ, ಎಳೆ ಅಂಟಿದೆ ಎಂದರ್ಥ. ಅಂಟು ಬಿಡಿಸುವ ಶಸ್ತ್ರಚಿಕಿತ್ಸೆಯಿದೆ. ತುದಿಯಲ್ಲಿ ಸ್ವಲ್ಪವಾದರೂ ಸ್ಪರ್ಶವಿದ್ದರೆ ಅದನ್ನು ಪ್ರಯತ್ನಿಸದೆ ಕತ್ತರಿಸಲು ನಾನು ಒಪ್ಪುವುದಿಲ್ಲ. ಯಾರು ಬಗ್ಗಿಸಿದರೂ ಬಗ್ಗದು, ಸ್ಪರ್ಶವೂ ಇಲ್ಲ, ಫಿಸಿಯೋಥೆರಪಿಯೂ ಸರಿಯಾಗಿ ನಡೆದು ಮುಗಿದಿದೆ ಎಂದಾದರೆ ನಿಮ್ಮ ಡಾಕ್ಟರು ಹೇಳಿದ್ದೇ ಸರಿ. ಉಳಿಸಲು ಅಂದು ಪ್ರಯತ್ನಿಸಿದ್ದೂ ಸರಿ, ಇಂದು ತೆಗೆಯೋಣ ಎನ್ನುತ್ತಿರುವುದೂ ಸರಿ.

ಬುಡಸಮೇತ ಎಂಬ ಮಾತಿಗೆ ಹೆದರಿದ್ದೀರಿ. ಬೆರಳನ್ನಷ್ಟೇ ತೆಗೆದರೆ ಅಂಗೈಯಂಚಿನಲ್ಲಿ ಮೋಟು ಗೆಣ್ಣು ಉಳಿದು ಹಿಡಿತಕ್ಕೆ ಅಡ್ಡ ಬರುತ್ತದೆ. ಅಂಗೈಯೊಳಗಿನ ಮೂಳೆಯ ಹೆಚ್ಚಿನ ಭಾಗವನ್ನೂ ತೆಗೆದರೆ ಹೆಬ್ಬೆರಳಿನಿಂದ ನಡುಬೆರಳಿಗೆ ನಯವಾದ ಇಳಿಜಾರು ಸಿಗುತ್ತದೆ. ಎದುರಿಗೆ ಕುಳಿತವರಿಗೆ ಕೈಯಲ್ಲಿ ನಾಲ್ಕೇ ಬೆರಳಿರುವುದು ಬೇಗ ಗೊತ್ತಾಗುವುದಿಲ್ಲ. ಮುಷ್ಟಿಯ ಬಲ ಸುಮಾರು ಐದನೇ ಒಂದು ಭಾಗ ಕುಗ್ಗುತ್ತದೆ, ತಿರುಚುವ ಬಲ ಅದಕ್ಕಿಂತ ಹೆಚ್ಚು ಕುಗ್ಗುತ್ತದೆ. ಹಾರೆ, ಸುತ್ತಿಗೆ ಹಿಡಿದು ದುಡಿಯುವವರಿಗೆ ಅಂಗೈ ಅಗಲವಾಗಿರುವುದೇ ಮುಖ್ಯ, ಅವರಿಗೆ ಆ ಮೂಳೆ ಉಳಿಸುವುದುಂಟು. ಆದ್ದರಿಂದ ತಮ್ಮ ಮುಂದೆ ಯಾವ ಕೆಲಸ ಮಾಡುತ್ತಾನೆ ಎಂಬುದನ್ನು ಮೊದಲೇ ಹೇಳಿ. ಕತ್ತರಿಸಿದ ನರದ ತುದಿ ಗಂಟುಕಟ್ಟಿ ನೋಯುವ ಅಪಾಯವಿದೆ. ಅದರ ಬಗ್ಗೆ ಮಾತೇ ಎತ್ತದ ಶಸ್ತ್ರಚಿಕಿತ್ಸಕರಾದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಹೆಬ್ಬೆರಳಾಗಿದ್ದರೆ ನಾನು ಇಷ್ಟು ಸಲೀಸಾಗಿ ಬರೆಯುತ್ತಿರಲಿಲ್ಲ. ಹೆಬ್ಬೆರಳಿಲ್ಲದೆ ಹುಟ್ಟಿದ ಮಗುವಿಗೆ ನಾವು ತೋರುಬೆರಳನ್ನೇ ಸರಿಸಿ, ತಿರುಗಿಸಿ ಹೆಬ್ಬೆರಳಿನ ಜಾಗಕ್ಕೆ ಕೂರಿಸುತ್ತೇವೆ. ಹೆಬ್ಬೆರಳನ್ನು ಮೇಲೆತ್ತುವ ಎಳೆ ತುಂಡಾದರೂ ಸಾಲ ತರುವುದು ತೋರುಬೆರಳಿನಿಂದಲೇ. ತೋರುಬೆರಳನ್ನು ನೆಟ್ಟಗಾಗಿಸಲು ಎರಡು ಎಳೆಗಳಿವೆ, ಒಂದು ಕೊಟ್ಟರೂ ಅದು ಮೊದಲಿನಂತೆ ಎದುರಿನವರತ್ತ ಚಾಚುತ್ತದೆ. ಕಾನೂನಿಗೂ ಈ ಬೆರಳಿನ ಮೇಲೆ ಮೋಹ ಕಡಿಮೆಯಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಇಡೀ ತೋರುಬೆರಳು ಹೋದರೆ ದುಡಿಮೆಯ ಸಾಮರ್ಥ್ಯದಲ್ಲಿ ಶೇ 14 ನಷ್ಟ, ಕಿರುಬೆರಳಿಗೆ ಶೇ 7 ಎಂದಿತ್ತು. ಗುದ್ದಲಿಯ ಕಾವನ್ನು ಬಿಗಿಯಾಗಿ ಹಿಡಿಯುವುದು ಕಿರುಬೆರಳಿನ ಕಡೆಯ ಅಂಗೈ ಎಂಬುದು ಪಟ್ಟಿ ಬರೆದವರಿಗೆ ತೋಚಲಿಲ್ಲ. ನಿಮ್ಮ ತಮ್ಮ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ ಪರಿಹಾರವನ್ನು ಅಲ್ಲಿಯೇ ಕೇಳಬೇಕು. ಕಾಗದಪತ್ರ ಒಂದನ್ನೂ ಬಿಸಾಡಬೇಡಿ.

ಆಧಾರ್‌ಗೆ ಉಳಿದ ಬೆರಳುಗಳಿವೆ, ಕಣ್ಣಿನ ಗುರುತೂ ಇದೆ. ಓಟಿನ ಶಾಯಿ ಎಡಗೈ ತೋರುಬೆರಳಿಗೆ ಎಂಬುದು ನಿಜ, ಆದರೆ 1961ರ ಚುನಾವಣಾ ನಿಯಮಗಳಲ್ಲೇ ಉತ್ತರವಿದೆ. ಆ ಬೆರಳಿಲ್ಲದವರಿಗೆ ಎಡಗೈಯ ಬೇರೊಂದು ಬೆರಳು, ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈಯ ಬೆರಳು, ಎರಡರಲ್ಲೂ ಇಲ್ಲದಿದ್ದರೆ ತೋಳಿನ ತುದಿ. ಬೆರಳಿಲ್ಲವೆಂದು ಯಾರನ್ನೂ ಮತಗಟ್ಟೆಯಿಂದ ವಾಪಸು ಕಳಿಸುವಂತಿಲ್ಲ.

ಓಟಿನ ಶಾಯಿ ಹೋಗಲು ಪಪ್ಪಾಯಿ ಹಾಲು ಹಚ್ಚಬಹುದೇ?

ಬೇಡ. 1962ರ ಚುನಾವಣೆಯಿಂದ ಬಳಕೆಯಲ್ಲಿರುವ, ನಮ್ಮ ಮೈಸೂರಿನಲ್ಲೇ ತಯಾರಾಗುವ ಶಾಯಿ ಅದು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಂದಿಗೆ ಸೇರಿ ಬೆಳಕಿಗೆ ಕಪ್ಪಾಗುತ್ತದೆ. ಚರ್ಮದ ಕಲೆ ಚರ್ಮ ಉದುರಿದಾಗ, ಉಗುರಿನದು ಉಗುರು ಬೆಳೆದಾಗ ಹೋಗುತ್ತದೆ. ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿ.ಮೀ. ಪಪ್ಪಾಯಿ ಹಾಲಿನಿಂದ ಚರ್ಮ ಸುಡುತ್ತದೆ, ಕಲೆ ಇದ್ದಲ್ಲೇ ಇರುತ್ತದೆ.

ಉಗುರುಸುತ್ತಿಗೆ ನಿಂಬೆಹಣ್ಣು ಸಿಕ್ಕಿಸಿದ್ದೇವೆ. ಎಷ್ಟು ದಿನ ಇಡಬೇಕು?

ಈಗಲೇ ತೆಗೆಯಿರಿ. ನೋವಿನಿಂದ ಒಂದು ರಾತ್ರಿ ನಿದ್ದೆ ಬಾರದಿದ್ದರೆ ಒಳಗೆ ಕೀವು ಕಟ್ಟಿದೆ ಎಂದೇ ತಿಳಿಯಿರಿ. ಕೀವಿಗೆ ದಾರಿ ಮಾಡಿಕೊಡಬೇಕು, ಟೋಪಿ ಹಾಕಬಾರದು. ಸಕ್ಕರೆ ಕಾಯಿಲೆಯವರು ರಾತ್ರಿಯವರೆಗೂ ಕಾಯಬೇಡಿ.

ತುಂಡಾದ ಬೆರಳನ್ನು ಐಸ್‌ನಲ್ಲಿಟ್ಟು ತಂದರೂ ಜೋಡಿಸಲಾಗದು ಎಂದರು. ಏಕೆ?

ನೇರವಾಗಿ ಐಸ್ ಮೇಲೆ ಇಟ್ಟಿದ್ದರಿಂದ ಇರಬಹುದು, ಹಾಗೆ ಇಟ್ಟರೆ ಬೆರಳು ಹೆಪ್ಪುಗಟ್ಟಿ ಸಾಯುತ್ತದೆ. ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಡಿ. ಗಾಯಕ್ಕೆ ಕಾಫಿಪುಡಿ, ಅರಿಶಿನ ಮೆತ್ತಿ ತಂದರೆ ಅದನ್ನು ತೊಳೆಯುವುದರಲ್ಲೇ ನಮ್ಮ ಹೊತ್ತು ಹೋಗುತ್ತದೆ.

ತೋರುಬೆರಳು ಉಂಗುರಬೆರಳಿಗಿಂತ ಗಿಡ್ಡವಿದ್ದರೆ ಗಂಡಿನ ಸ್ವಭಾವ ಒರಟು ಎನ್ನುತ್ತಾರೆ. ಫೋಟೋದಲ್ಲಿ ಅಳೆದು ನೋಡಿದೆವು.

ಗಂಡಸರಲ್ಲಿ ಸರಾಸರಿಯಾಗಿ ಸ್ವಲ್ಪ ಗಿಡ್ಡವೇ. ಆ ಅಂತರ ಅತಿ ಸಣ್ಣದು, ಒಬ್ಬ ವ್ಯಕ್ತಿಯ ಗುಣ ಅದರಿಂದ ತಿಳಿಯುವುದಿಲ್ಲ. ಗಂಡಿನೊಂದಿಗೆ ಕುಳಿತು ಮಾತಾಡಿ.

ಗುರುಬಲಕ್ಕೆ ತೋರುಬೆರಳಿಗೆ ಪುಷ್ಯರಾಗದ ಉಂಗುರ ಹಾಕಿದ್ದೇನೆ, ಬೆರಳು ಊದಿದೆ.

ಉಂಗುರ ಇಂದೇ ಕತ್ತರಿಸಿ ತೆಗೆಸಿ. ಗುರುಬಲದ ವಿಷಯ ಆಮೇಲೆ.

ಜಪಮಾಲೆಗೆ ತೋರುಬೆರಳು ತಾಗಬಾರದೇ?

ನಿಮ್ಮ ಗುರುಗಳನ್ನು ಕೇಳಿ. ಅದು ನನ್ನ ವಿಭಾಗವಲ್ಲ.

ಕುಂಬಳದ ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆಯೇ?

ಇದೂ ನನ್ನ ವಿಭಾಗವಲ್ಲ. ಆದರೂ ಹೇಳುತ್ತೇನೆ, ಹೆಣ್ಣುಹೂವಿಗೆ ಪರಾಗ ತಲುಪದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಬೆಳಿಗ್ಗೆ ಗಂಡುಹೂವು ಕಿತ್ತು ಹೆಣ್ಣುಹೂವಿಗೆ ತಾಗಿಸಿ, ಯಾವ ಬೆರಳಿನಲ್ಲಿ ಹಿಡಿದರೂ ನಡೆಯುತ್ತದೆ.