ಸಂಪುಟ ಸಂಖ್ಯೆಯಿಂದ ಪತ್ರಿಕೆಯ ಆರಂಭ ತಿಳಿಯುವ ಬಗೆ

ಸರ್, ತಾತನವರ ಟ್ರಂಕಿನಲ್ಲಿ ಸಿಕ್ಕ 1992ರ ಮಾರ್ಚ್ 2ರ ಕೋಲಾರದ ದಿನಪತ್ರಿಕೆಯಲ್ಲಿ ‘ಸಂಪುಟ 14, ಸಂಚಿಕೆ 212’ ಎಂದಿದೆ, ಇದರಿಂದ ಅದು ಯಾವಾಗ ಆರಂಭವಾಯಿತೆಂದು ತಿಳಿಯಬಹುದೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ತಿಳಿಯಬಹುದು. ಸಾಮಾನ್ಯವಾಗಿ ಪತ್ರಿಕೆಯ ಹುಟ್ಟಿದ ದಿನದಂದು ಸಂಪುಟ ಒಂದು ಹೆಚ್ಚಿ, ಸಂಚಿಕೆ ಮತ್ತೆ 1ರಿಂದ ಶುರುವಾಗುತ್ತದೆ. 212 ಸಂಚಿಕೆಗಳನ್ನು ಹಿಂದಕ್ಕೆ ಎಣಿಸಿ, ಹಬ್ಬದ ರಜೆಗಳನ್ನೂ ಸೇರಿಸಿಕೊಂಡರೆ ಆ ಸಂಪುಟ 1991ರ ಜುಲೈ ಕೊನೆಯ ಹೊತ್ತಿಗೆ ಆರಂಭವಾಗಿರಬೇಕು; ಅಲ್ಲಿಂದ 13 ವರ್ಷ ಹಿಂದಕ್ಕೆ ಹೋದರೆ 1978 ಬರುತ್ತದೆ.

ಆದರೆ ಮೊದಲು ವಾರಪತ್ರಿಕೆಯಾಗಿದ್ದು ನಂತರ ದೈನಿಕವಾದ ಪತ್ರಿಕೆಗಳು ಹಳೆಯ ಸಂಪುಟವನ್ನೇ ಮುಂದುವರಿಸಿರುವುದುಂಟು. ಇನ್ನೊಂದು ಮಾತು: ನಾನು ಅಚ್ಚಿನ ಮೊಳೆ (ಅಕ್ಷರ, ಅಂಕಿಗಳ ಲೋಹದ ಅಚ್ಚು) ಜೋಡಿಸುತ್ತಿದ್ದ ಮುದ್ರಣಾಲಯದಲ್ಲಿ ರಾತ್ರಿಯ ಅವಸರದಲ್ಲಿ ತಾರೀಖಿನ ಮೊಳೆಗಳನ್ನು ಬದಲಿಸಿ, ಸಂಚಿಕೆಯ ಅಂಕಿಯನ್ನು ಹಿಂದಿನ ದಿನದ್ದೇ ಬಿಟ್ಟುಬಿಡುತ್ತಿದ್ದುದು ಹಲವು ಬಾರಿ ನಡೆದಿದೆ. ಆದ್ದರಿಂದ ದಯವಿಟ್ಟು ಅಕ್ಕಪಕ್ಕದ ದಿನಗಳ ಪ್ರತಿಗಳನ್ನೂ ನೋಡಿ.

ಪತ್ರಿಕೆಯನ್ನು ನಡೆಸುತ್ತಿದ್ದವರು ಯಾರೆಂದು ತಿಳಿಯಲು, ಸಾಧ್ಯವಾದರೆ ಮಾರ್ಚ್ 1ರ ಪ್ರತಿಯನ್ನು ಅವಶ್ಯವಾಗಿ ಹುಡುಕಿ. 1956ರ ಪತ್ರಿಕಾ ನೋಂದಣಿ ನಿಯಮಗಳ ಪ್ರಕಾರ, ಪ್ರತಿ ವರ್ಷ ಫೆಬ್ರವರಿ ಮುಗಿದ ನಂತರದ ಮೊದಲ ಸಂಚಿಕೆಯಲ್ಲಿ ‘ನಮೂನೆ 4’ ಎಂಬ ಹೇಳಿಕೆಯಡಿ ಮುದ್ರಕರು, ಪ್ರಕಾಶಕರು, ಸಂಪಾದಕರು ಮತ್ತು ಮಾಲೀಕರ ವಿವರಗಳನ್ನು ಅಚ್ಚು ಹಾಕಬೇಕಿತ್ತು.